ಮಕ್ಕಳನ್ನು ಸಾಕುತ್ತಿರುವ ಅಜ್ಜಿಯರಿಗೂ ಒಂದು ಪಾಲು ಕೊಡಿ: ಎಸ್ವಾಟಿನಿಯಲ್ಲಿ ಅನಾಥಾಲಯ ನಡೆಸುವ ಟ್ರಸ್ಟಿಗೆ ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರೇ, ಆಡಳಿತ ಮಂಡಳಿಯ ಸದಸ್ಯರೇ, ಕಾಣಿಕೆ ಕಳಿಸುವ ಕನ್ನಡ ಸಭೆಗಳ ಹಿರಿಯರೇ,

ಕ್ರಿಸ್ತನ ಹೆಸರಿನಲ್ಲಿ ವಂದನೆಗಳು.

ನಿಮ್ಮ ಟ್ರಸ್ಟಿನ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಓದಿದರೆ ನಿಮಗೆ ಗೊತ್ತಾಗುತ್ತದೆ, ಅಷ್ಟು ಸಾಕು. ಹೆಸರು ಕೆಡಿಸಿದರೆ ಮೊದಲು ಏಟು ಬೀಳುವುದು ಮಕ್ಕಳ ಊಟದ ತಟ್ಟೆಗೆ. ಅದು ನನಗೆ ಬೇಡ. ಆದರೆ ನಿಮ್ಮಲ್ಲಿ ಒಂದು ಮಗುವನ್ನು ಸಾಕುವ ಹಣದಲ್ಲಿ ಅಜ್ಜಿಯ ಮನೆಯ ಮಕ್ಕಳನ್ನೆಲ್ಲ ಸಾಕಬಹುದಲ್ಲ ಎಂದು ನಿಮ್ಮ ಕಚೇರಿಗೆ ಬರೆದಾಗ, "ನಿಮ್ಮ ಕಾಳಜಿಗೆ ಧನ್ಯವಾದ, ಪ್ರಾರ್ಥನೆಯಲ್ಲಿ ಇಡುತ್ತೇವೆ" ಎಂಬ ಉತ್ತರ ಬಂತು. ಪ್ರಾರ್ಥನೆಗೆ ನನ್ನ ತಕರಾರಿಲ್ಲ. ನಾನು ಕೇಳಿದ್ದು ಲೆಕ್ಕದ ಪ್ರಶ್ನೆ. ಅದಕ್ಕೆ ಲೆಕ್ಕದ ಉತ್ತರವೂ ಬರಬೇಕಿತ್ತು, ಅಲ್ವಾ? ಬರಲಿಲ್ಲ. ಹಾಗಾಗಿ ಎಲ್ಲರ ಎದುರಿಗೆ ಬರೆಯುತ್ತಿದ್ದೇನೆ. ಕನ್ನಡದಲ್ಲೇ ಬರೆಯುತ್ತಿರುವುದಕ್ಕೂ ಕಾರಣವಿದೆ. ನಿಮಗೆ ಹಣ ಕಳಿಸುವವರಲ್ಲಿ ಕೊಲ್ಲಿ ದೇಶಗಳ ಕನ್ನಡ ಕ್ರೈಸ್ತ ಸಭೆಗಳೂ ಇವೆ. ಪ್ರತಿ ತಿಂಗಳ ಸಂಬಳದಲ್ಲಿ ಒಂದು ಪಾಲು ಎತ್ತಿಡುವ ನರ್ಸುಗಳು, ಡ್ರೈವರುಗಳು, ಅಂಗಡಿಯಲ್ಲಿ ದುಡಿಯುವವರು ಅಲ್ಲಿದ್ದಾರೆ. ತಮ್ಮ ಹಣ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವ ಹಕ್ಕು ಅವರಿಗಿದೆ.

ನಾನು ಉಡುಪಿ ಕಡೆಯವಳು. ಮನೆಯವರ ಕೆಲಸದ ನಿಮಿತ್ತ, ದಕ್ಷಿಣ ಆಫ್ರಿಕಾದ ಪಕ್ಕದ ಪುಟ್ಟ ದೇಶ ಎಸ್ವಾಟಿನಿಯ ಲುಬೊಂಬೊ ಪ್ರಾಂತ್ಯದಲ್ಲಿ, ಕಬ್ಬಿನ ಗದ್ದೆಗಳ ನಡುವೆ ಇದ್ದೇನೆ. ಲೆಕ್ಕಪತ್ರ ನನ್ನ ಕಸುಬು. ನಿಮ್ಮ ಮಕ್ಕಳ ಮನೆಯಲ್ಲಿ ವಾರಕ್ಕೊಮ್ಮೆ ಕೂತು ಖರ್ಚಿನ ಪುಸ್ತಕ ಬರೆದುಕೊಡುತ್ತಿದ್ದೆ, ಸಂಬಳವಿಲ್ಲದೆ. ಇಲ್ಲಿ ಬರೆಯುವುದೆಲ್ಲ ಆ ಮೇಜಿನಿಂದ ಕಂಡದ್ದು, ಮತ್ತು ಆ ಗೇಟಿನಿಂದಾಚೆ ಹೋಗಿ ನೋಡಿದ್ದು.

ಈ ದೇಶವನ್ನು ನೋಡದ ಹಿರಿಯರಿಗಾಗಿ ಒಂದೆರಡು ಮಾತು. ಎಸ್ವಾಟಿನಿ ಬೆಳಗಾವಿ ಜಿಲ್ಲೆಗಿಂತ ಸ್ವಲ್ಪ ದೊಡ್ಡದು. ಜನಸಂಖ್ಯೆ ಸುಮಾರು 12 ಲಕ್ಷ. 2018ರವರೆಗೆ ಇದರ ಹೆಸರು ಸ್ವಾಜಿಲ್ಯಾಂಡ್. ಎಚ್‌ಐವಿ ಇಲ್ಲಿ ಹರಡಿದ ಹಾಗೆ ಜಗತ್ತಿನ ಬೇರೆಲ್ಲೂ ಹರಡಲಿಲ್ಲ. ತಪಾಸಣೆಗೆ ಬಂದ ಗರ್ಭಿಣಿಯರಲ್ಲಿ 1992ರಲ್ಲಿ ನೂರಕ್ಕೆ ನಾಲ್ಕು ಮಂದಿಗೂ ಸೋಂಕು ಇರಲಿಲ್ಲ. 2004ಕ್ಕೆ ಅದು ಶೇಕಡ 42.6 ಆಗಿತ್ತು. ಹನ್ನೆರಡೇ ವರ್ಷ. ಹೊಲ ಉಳುವ ಪ್ರಾಯದವರು, ಪಾಠ ಹೇಳುವ ಪ್ರಾಯದವರು, ಹೆರುವ ಪ್ರಾಯದವರು ಸಾಲುಸಾಲಾಗಿ ಹೋದರು. ಮನೆಯಲ್ಲಿ ಉಳಿದದ್ದು ಅಜ್ಜಿ ಮತ್ತು ಮೊಮ್ಮಕ್ಕಳು. ಅಜ್ಜಿಯನ್ನು ಇಲ್ಲಿ ಗೊಗೊ ಅನ್ನುತ್ತಾರೆ. ಈ ಪತ್ರದಲ್ಲಿ ಗೊಗೊ ಜಾಸ್ತಿ ಬರುತ್ತಾಳೆ.

ಆ ಕೆಟ್ಟ ವರ್ಷಗಳಲ್ಲಿ ಸಭೆಗಳು ಮಾಡಿದ ಕೆಲಸವನ್ನು ನಾನು ಚಿಕ್ಕದು ಮಾಡುವುದಿಲ್ಲ. ಮನ್ಝಿನಿ ಪಟ್ಟಣದಲ್ಲಿ ನಜರೀನ್ ಸಭೆಯವರ ಆಸ್ಪತ್ರೆ 1920ರ ದಶಕದಿಂದಲೂ ಇದೆ. ಹಳ್ಳಿ ಶಾಲೆಗಳಲ್ಲಿ ಬಹಳಷ್ಟು ಮಿಷನ್ನಿನವರು ಶುರುಮಾಡಿದ್ದೇ. ಸಾಯುವವರ ಹಾಸಿಗೆ ಪಕ್ಕ ಕೂತವರು, ಹೆಣ ತೊಳೆದವರು, ಮಕ್ಕಳಿಗೆ ಗಂಜಿ ಬೇಯಿಸಿದವರು ಬಹುಪಾಲು ಸಭೆಯ ಹೆಂಗಸರೇ. 2000ದ ಸುಮಾರಿಗೆ ಔಷಧ ಇರಲಿಲ್ಲ, ಸರ್ಕಾರಕ್ಕೆ ಕೈ ಸಾಲುತ್ತಿರಲಿಲ್ಲ. ತೊಟ್ಟಿಲಲ್ಲಿ ಬಿಟ್ಟುಹೋದ ಕೂಸನ್ನು ಎಲ್ಲಾದರೂ ಮಲಗಿಸಲೇಬೇಕಿತ್ತು. ನಿಮ್ಮ ಮನೆಯೂ ಆಗಲೇ ಎದ್ದದ್ದು. ಅವತ್ತು ಅದು ಸರಿಯೇ.

ಆದರೆ ಇವತ್ತು 2004 ಅಲ್ಲ. ಎಚ್‌ಐವಿಯನ್ನು ಅಡಗಿಸಿಡುವ ಎಆರ್‌ವಿ ಮಾತ್ರೆ ಹಳ್ಳಿ ಕ್ಲಿನಿಕ್ಕಿನಲ್ಲೇ ಸಿಗುತ್ತದೆ. ಸೋಂಕು ಇರುವವರಲ್ಲಿ ಶೇಕಡ 95ರಷ್ಟು ಜನರನ್ನು ಪತ್ತೆ ಮಾಡಬೇಕು, ಅವರಲ್ಲಿ 95ರಷ್ಟು ಜನರಿಗೆ ಔಷಧ ಕೊಡಬೇಕು, ಔಷಧ ತಿನ್ನುವವರಲ್ಲಿ 95ರಷ್ಟು ಜನರಿಗೆ ವೈರಸ್ ಅಡಗಬೇಕು ಎಂದು ವಿಶ್ವಸಂಸ್ಥೆ ಇಟ್ಟ ಗುರಿಯನ್ನು ಈ ಪುಟ್ಟ ದೇಶ 2020ರಲ್ಲೇ ಮುಟ್ಟಿತು. ತಾಯಂದಿರು ಬದುಕುತ್ತಿದ್ದಾರೆ. 2009ರಲ್ಲಿ ಗಣಿಗಳಲ್ಲಿ ದುಡಿದು ಬಂದ ಮಾಜಿ ಕಾರ್ಮಿಕರ ಸಂಘವೊಂದು ಹೈಕೋರ್ಟಿಗೆ ಹೋಗಿ, ಸಂವಿಧಾನ ಹೇಳಿದ ಉಚಿತ ಪ್ರಾಥಮಿಕ ಶಿಕ್ಷಣ ಎಲ್ಲಿ ಎಂದು ಕೇಳಿತು. ಮುಂದಿನ ವರ್ಷದಿಂದ ಕೆಳಗಿನ ತರಗತಿಗಳಿಂದ ಶುರುವಾಗಿ ಅದು ಜಾರಿಗೆ ಬಂತು. 60 ದಾಟಿದವರಿಗೆ 2005ರಿಂದ ವೃದ್ಧಾಪ್ಯ ಭತ್ಯೆ ಇದೆ. ಹಾಗಂತ ಬಡತನ ಹೋಗಿಲ್ಲ. ಲುಬೊಂಬೊದ ಬಯಲಲ್ಲಿ ಮಳೆ ಕೈಕೊಟ್ಟರೆ ಮೆಕ್ಕೆಜೋಳ ಮೊಣಕಾಲೆತ್ತರಕ್ಕೇ ಒಣಗಿ ನಿಲ್ಲುತ್ತದೆ. ಮಕ್ಕಳಿಗೆ ಕಷ್ಟ ಇದೆ. ಆದರೆ ಆ ಕಷ್ಟದ ರೂಪ ಬದಲಾಗಿದೆ. ನಿಮ್ಮ ಕೆಲಸದ ರೂಪ ಬದಲಾಗಿಲ್ಲ. ನನ್ನ ದೂರು ಇದೇ.

ನಿಮ್ಮ ಕರಪತ್ರದಲ್ಲಿ "ಯಾರೂ ಇಲ್ಲದ ಮಕ್ಕಳು" ಎಂದು ಅಚ್ಚಾಗಿದೆ. ದಾಖಲಾತಿ ಕಡತ ತೆರೆದರೆ ಬೇರೆಯೇ ಕಾಣುತ್ತದೆ. ಒಂದು ಹುಡುಗನ ಫೈಲಿನಲ್ಲಿ ತಾಯಿಯ ಫೋನ್ ನಂಬರೇ ಇತ್ತು. ಅವಳು ದಕ್ಷಿಣ ಆಫ್ರಿಕಾದಲ್ಲಿ ಮನೆಗೆಲಸಕ್ಕಿದ್ದಾಳೆ. ಇನ್ನೊಬ್ಬಳ ತಂದೆ ಕಬ್ಬು ಕಡಿಯುವ ಕಾಲದಲ್ಲಿ ಹತ್ತಿರದಲ್ಲೇ ಬಂದಿರುತ್ತಾನೆ. ಚಿಕ್ಕಮ್ಮ, ದೊಡ್ಡಪ್ಪ, ಅಣ್ಣ, ಅಜ್ಜಿ, ಹೀಗೆ ಯಾರಾದರೊಬ್ಬರ ಹೆಸರಿಲ್ಲದ ಫೈಲು ಅಪರೂಪ. ಇದು ನಿಮ್ಮ ಮನೆಯೊಂದರ ಕಥೆಯಲ್ಲ. ತಂದೆ ತಾಯಿಯರಲ್ಲಿ ಒಬ್ಬರು ಹೋದರೂ ಯುನಿಸೆಫ್ ಲೆಕ್ಕದಲ್ಲಿ ಮಗು ಅನಾಥ. ಹಾಗೆ ಎಣಿಸಿದಾಗ 2015ರಲ್ಲಿ ಜಗತ್ತಿನಲ್ಲಿ ಸುಮಾರು 14 ಕೋಟಿ ಅನಾಥರು. ಇಬ್ಬರನ್ನೂ ಕಳೆದುಕೊಂಡವರು ಅದರಲ್ಲಿ 1 ಕೋಟಿ 51 ಲಕ್ಷ. ವೇದಿಕೆ ಮೇಲೆ ನಿಂತು ಕಾಣಿಕೆ ಎತ್ತುವಾಗ ಹೇಳುವುದು ದೊಡ್ಡ ಸಂಖ್ಯೆ. ಕೇಳುವವರ ಕಣ್ಣ ಮುಂದೆ ಬರುವುದು ಎರಡನೇ ತರದ ಮಗು.

ಒಂದು ಮನೆಯ ವಿಷಯ ಹೇಳುತ್ತೇನೆ. ಅಕ್ಕ ತಮ್ಮ ಇಬ್ಬರು ನಿಮ್ಮಲ್ಲಿದ್ದಾರೆ. ಅವರ ಗೊಗೊ ಇರುವ ಜಾಗ ನಿಮ್ಮ ಗೇಟಿನಿಂದ ಕಾಲುನಡಿಗೆಯಲ್ಲಿ ಒಂದು ಬೆಳಗಿನ ದಾರಿ. ನಿಮ್ಮಲ್ಲಿ ಅಡುಗೆ ಮಾಡುವ ಹೆಂಗಸಿನ ಜೊತೆ ನಾನು ಹೋದೆ. ಭಾಷೆ ಅವಳೇ ದಾಟಿಸಿದಳು. ಕೋಲು ಮಣ್ಣಿನ ಎರಡು ಕೋಣೆ, ಹೊರಗೆ ಮೂರು ಕಾಲಿನ ಕಬ್ಬಿಣದ ಮಡಕೆ, ನಾಲ್ಕಾರು ಕೋಳಿ. ಮನೆಯಲ್ಲಿ ಇನ್ನೂ ಮೂವರು ಮೊಮ್ಮಕ್ಕಳಿದ್ದರು. ನಾನು ಯಾರೋ ಆಫೀಸಿನವಳು ಎಂದುಕೊಂಡ ಅಜ್ಜಿ ಒಳಗೆ ಹೋಗಿ ಪ್ಲಾಸ್ಟಿಕ್ ಕವರೊಂದನ್ನು ತಂದಳು. ಮಗಳ ಮರಣ ಪತ್ರ, ಐವರ ಜನನ ಪತ್ರ, ಮಕ್ಕಳ ಲಸಿಕೆ ಕಾರ್ಡು ಎಲ್ಲವನ್ನೂ ಮಡಿಕೆ ಬೀಳದ ಹಾಗೆ ಜೋಡಿಸಿ ಇಟ್ಟಿದ್ದಳು. ಹೀಗೆ ಕಾಗದ ಕಾಪಾಡಿದವಳನ್ನು ನೀವು ದಾನಿಗಳಿಗೆ "ಯಾರೂ ಇಲ್ಲ" ಎಂದು ಹೇಗೆ ಹೇಳಿದಿರಿ?

ಯಾಕೆ ಕಳಿಸಿದಿರಿ ಎಂದು ಕೇಳಿದೆ. ಅಜ್ಜಿ ಸುತ್ತಿಬಳಸಿ ಮಾತಾಡುವವಳಲ್ಲ. ಅವರಲ್ಲಿ ದಿನಕ್ಕೆ ಮೂರು ಊಟ, ಶೂ, ಯೂನಿಫಾರ್ಮ್ ಇದೆ, ನನ್ನಲ್ಲಿಲ್ಲ, ಅಷ್ಟೇ ಅಂದಳು. ಇಬ್ಬರನ್ನು ಹೇಗೆ ಆರಿಸಿದಿರಿ ಅಂದರೆ, ನಾನಲ್ಲ, ಅವರೇ ಬಂದು ಆರಿಸಿದರು ಅಂದಳು. ಚೆನ್ನಾಗಿ ಇಂಗ್ಲಿಷ್ ಮಾತಾಡುವ ಇಬ್ಬರನ್ನು. ವರ್ಷಕ್ಕೆ ಒಂದು ಸಲ ಡಿಸೆಂಬರಿನಲ್ಲಿ ಮನೆಗೆ ಬರುತ್ತಾರೆ. ಚಿಕ್ಕವನು ಈಗ ಹೊರಗಿನ ಪಾಯಿಖಾನೆಗೆ ಹೋಗಲು ಹೆದರುತ್ತಾನಂತೆ. ಇದನ್ನು ಹೇಳಿ ಅಜ್ಜಿ ನಕ್ಕಳು. ಅಡುಗೆಯವಳೂ ನಕ್ಕಳು. ನನಗೆ ನಗು ಬರಲಿಲ್ಲ.

ಅಲ್ಲಿಂದ ಬಂದ ಮೇಲೆ ಲೆಕ್ಕ ಹಾಕಿದೆ. ನಿಮ್ಮ ಪುಸ್ತಕದಲ್ಲಿ ಒಂದು ಮಗುವಿಗೆ ತಿಂಗಳಿಗೆ ಬೀಳುವ ಖರ್ಚಿದೆ: ಸಿಬ್ಬಂದಿ ಸಂಬಳ, ಕರೆಂಟು, ಕಾವಲು, ವ್ಯಾನಿನ ಡೀಸೆಲ್ಲು, ಅತಿಥಿ ಗೃಹದ ರಿಪೇರಿ ಎಲ್ಲ ಸೇರಿ. ಆ ಒಂದೇ ಮಗುವಿನ ಹಣದಲ್ಲಿ ಗೊಗೊ ಮನೆಯ ಐದೂ ಮಕ್ಕಳಿಗೆ ಹಿಟ್ಟು, ಬೀನ್ಸು, ಎಣ್ಣೆ, ಸೋಪು ಬರುತ್ತದೆ. ಇನ್ನೂ ಮಿಕ್ಕಿದ್ದರಲ್ಲಿ ಜನವರಿಯ ಹೊತ್ತಿಗೆ ಯೂನಿಫಾರ್ಮೂ ಆಗುತ್ತದೆ. ಈ ಲೆಕ್ಕವನ್ನೇ ನಿಮಗೆ ಕಳಿಸಿದ್ದು. ಪ್ರಾರ್ಥನೆಯಲ್ಲಿ ಇಟ್ಟಿದ್ದೀರಿ.

ಇದು ಯಾರದೋ ಕೆಟ್ಟತನದಿಂದ ಆಗಿದ್ದಲ್ಲ ಎಂದು ನನಗೆ ಗೊತ್ತು. ನಿಮ್ಮ ಮನೆಯ ಮೇಲ್ವಿಚಾರಕರು ಒಳ್ಳೆಯವರು. ಮಕ್ಕಳಿಗೆ ಜ್ವರ ಬಂದರೆ ರಾತ್ರಿಯಿಡೀ ಎದ್ದಿರುವ ಮನುಷ್ಯ. ತೊಡಕು ಇರುವುದು ಹಣ ಬರುವ ದಾರಿಯಲ್ಲಿ. ಒಬ್ಬ ದಾನಿ, ಒಂದು ಮಗು, ಒಂದು ಫೋಟೋ, ತಿಂಗಳಿಗೆ ಇಷ್ಟು. ಮಗು ಮನೆಗೆ ಹೋಯಿತು ಅಂದರೆ ದಾನಿ ನಿಲ್ಲಿಸುತ್ತಾನೆ. ದಾನಿ ನಿಲ್ಲಿಸಿದರೆ ಅಡುಗೆಯವಳ ಸಂಬಳಕ್ಕೆ ಕತ್ತರಿ. ಹಾಗಾದ ಮೇಲೆ ಯಾವ ಮೇಲ್ವಿಚಾರಕ ಮಗುವನ್ನು ವಾಪಸ್ ಕಳಿಸುತ್ತಾನೆ? ನಾನೇ ಕಣ್ಣಾರೆ ನೋಡಿದೆ. ದಕ್ಷಿಣ ಆಫ್ರಿಕಾದಲ್ಲಿದ್ದ ಆ ತಾಯಿ ಬಂದು ಮಗನನ್ನು ಕೇಳಿದಳು. ಈ ವರ್ಷದ ಶಾಲೆ ಮುಗಿಯಲಿ ಅಂದರು. ವರ್ಷ ಮುಗಿಯಿತು. ದಾನಿಗಳ ತಂಡ ಬರುವುದಿದೆ, ಆಮೇಲೆ ನೋಡೋಣ ಅಂದರು. ಹಾಸಿಗೆ ತುಂಬಿದ್ದರೆ ಮಾತ್ರ ನಡೆಯುವ ಮನೆ ಹಾಸಿಗೆ ತುಂಬಿಸಿಕೊಳ್ಳುತ್ತಲೇ ಇರುತ್ತದೆ.

ತಂಡದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ವರ್ಷ ವರ್ಷ ರಜೆಯಲ್ಲಿ ಯುವಕರ ಗುಂಪು ಬರುತ್ತದೆ. ಒಂದೇ ಟೀಶರ್ಟು, ಒಳ್ಳೆಯ ಮನಸ್ಸು, ಗೋಡೆಗೆ ಬಳಿಯಲು ಬಣ್ಣ. ಊಟದ ಕೋಣೆಯ ಗೋಡೆಗೆ ಪಾಪ ಎಷ್ಟು ಪದರ ಬಣ್ಣ ಇದೆಯೋ ದೇವರಿಗೇ ಗೊತ್ತು. ಹಳ್ಳಿಯಲ್ಲಿ ಬಣ್ಣ ಬಳಿಯುವ ಹುಡುಗರು ಕೆಲಸವಿಲ್ಲದೆ ಕೂತಿದ್ದಾರೆ. ಇರಲಿ, ಬಣ್ಣದಿಂದ ಯಾರಿಗೂ ನೋವಾಗುವುದಿಲ್ಲ. ನೋವಾಗುವುದು ಸಂಜೆ. ಮಕ್ಕಳು ಹಾಡು ಹೇಳುತ್ತಾರೆ. ಆಮೇಲೆ ಒಬ್ಬೊಬ್ಬರೇ ಎದ್ದು ಸಾಕ್ಷಿ ಹೇಳಬೇಕು: ಅಮ್ಮ ಯಾವಾಗ ಸತ್ತಳು, ಹೇಗೆ ಸತ್ತಳು, ಯೇಸು ನನ್ನನ್ನು ಇಲ್ಲಿಗೆ ಹೇಗೆ ತಂದನು. ಹನ್ನೊಂದು ವರ್ಷದ ಹುಡುಗಿಯೊಬ್ಬಳು ಮಧ್ಯದಲ್ಲಿ ಮರೆತಳು. ಪಕ್ಕದಲ್ಲಿ ನಿಂತಿದ್ದ ಸಿಬ್ಬಂದಿ ಮೆಲ್ಲಗೆ ಮುಂದಿನ ಸಾಲು ಹೇಳಿಕೊಟ್ಟರು. ಸ್ವಂತ ತಾಯಿಯ ಸಾವನ್ನು ಬಾಯಿಪಾಠ ಒಪ್ಪಿಸುವುದು! ಕೇಳುತ್ತಿದ್ದವರು ಅತ್ತರು, ಅವಳನ್ನು ಅಪ್ಪಿಕೊಂಡರು, ಫೋಟೋ ತೆಗೆದರು, ಹತ್ತು ದಿನಕ್ಕೆ ಹೊರಟುಹೋದರು. ಆ ಫೋಟೋಗಳಲ್ಲಿ ಒಂದರ ಹಿಂದೆ ಮಾತ್ರೆಯ ಕಪಾಟು ಕಾಣುತ್ತಿತ್ತು. ಮಕ್ಕಳ ಹೆಸರು ಬರೆದ ಡಬ್ಬಿಗಳು. ಯಾವ ಮಗು ಯಾವ ಮಾತ್ರೆ ತಿನ್ನುತ್ತದೆ ಎಂದು ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ನೋಡಬಹುದಿತ್ತು. ನಾನು ಹೇಳಿದ ಮೇಲೆ ಅದನ್ನು ತೆಗೆದಿರಿ. ಆದರೆ ಸಾಕ್ಷಿ ಸಂಜೆಗಳು ನಿಲ್ಲಲಿಲ್ಲ.

ನಿಮ್ಮ ಮನೆ ಮಕ್ಕಳನ್ನು ಹೀಗೆ ನಿಲ್ಲಿಸುತ್ತೀರಾ?

ಮಕ್ಕಳನ್ನು ಮನೆಯಿಂದ ತಂದು ಸಂಸ್ಥೆಯಲ್ಲಿ ಸಾಕುವ ಬಗ್ಗೆ 2009ರಲ್ಲೇ ವಿಶ್ವಸಂಸ್ಥೆ ಮಾರ್ಗಸೂಚಿ ಕೊಟ್ಟಿದೆ. ಬಡತನ ಒಂದೇ ಕಾರಣಕ್ಕೆ ಮಗುವನ್ನು ಮನೆಯಿಂದ ಬೇರೆ ಮಾಡಬಾರದು, ಆ ಮನೆಗೆ ನೆರವು ಕೊಡಬೇಕು ಎನ್ನುವುದು ಅದರ ತಿರುಳು. 2019ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಅನಾಥಾಲಯಗಳಿಗೆ ಪ್ರವಾಸಿಗರು, ಸ್ವಯಂಸೇವಕರು ಹೋಗಿಬರುವ ಪದ್ಧತಿಯಿಂದಾಗುವ ಕೇಡನ್ನೂ ಎತ್ತಿ ಹೇಳಿತು. ಎಸ್ವಾಟಿನಿಗೆ ಅದರದೇ ಮಕ್ಕಳ ರಕ್ಷಣಾ ಕಾಯ್ದೆ 2012ರಿಂದ ಇದೆ. ನಮ್ಮಲ್ಲಿ, ಕರ್ನಾಟಕದಲ್ಲೂ ನಡೆಯುವ ಬಾಲನ್ಯಾಯ ಕಾಯ್ದೆ 2015ರದ್ದು. ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಊರಿನಲ್ಲಿ ಒಪ್ಪಿಕೊಂಡ ನಿಯಮ ಆಫ್ರಿಕಾದ ಮಗುವಿಗೆ ಅನ್ವಯಿಸುವುದಿಲ್ಲ ಅಂತಲಾ?

ಗೇಟಿನಿಂದಾಚೆ ಏನಿದೆ ಎಂದು ನಿಮ್ಮಲ್ಲಿ ಹೆಚ್ಚಿನವರು ನೋಡಿರಲಿಕ್ಕಿಲ್ಲ. ವ್ಯಾನು ನೇರ ಒಳಗೆ ಹೋಗುತ್ತದೆ. ನಿಮ್ಮ ಮನೆಯಿಂದ ಸ್ವಲ್ಪ ಮುಂದೆ, ಜಾಲಿ ಮರಗಳ ಹತ್ತಿರ ಒಂದು ತಗಡಿನ ಚಪ್ಪರ ಇದೆ. ಅದು ನೇಬರ್‌ಹುಡ್ ಕೇರ್ ಪಾಯಿಂಟ್. ಎಲ್ಲರೂ ಎನ್‌ಸಿಪಿ ಅನ್ನುತ್ತಾರೆ. ಏಡ್ಸ್ ಉಚ್ಛ್ರಾಯದಲ್ಲಿದ್ದಾಗ ಹಳ್ಳಿ ಹೆಂಗಸರೇ ಕೂಡಿ ಅಕ್ಕಪಕ್ಕದ ಅನಾಥ ಮಕ್ಕಳಿಗೆ ಅಡುಗೆ ಮಾಡಿ ಹಾಕತೊಡಗಿದರು. ಯುನಿಸೆಫ್ ಮತ್ತಿತರರು ಕೈ ಜೋಡಿಸಿದರು. ಈಗ ದೇಶದಲ್ಲಿ ಇಂಥವು ನೂರಾರು. ಬೆಳಿಗ್ಗೆ ಹೆಂಗಸರು ಸೌದೆ ಹೊತ್ತು ಬರುತ್ತಾರೆ. ದೊಡ್ಡ ಮಡಕೆಯಲ್ಲಿ ಮೆಕ್ಕೆಜೋಳದ ಗಂಜಿ ಕುದಿಯುತ್ತದೆ. ಶಾಲೆಗೆ ಹೋಗದ ಪುಟ್ಟವು ಮನೆಯಿಂದ ತಟ್ಟೆ ಹಿಡಿದು ಬರುತ್ತವೆ. ಹಾಡು, ಎಣಿಕೆ, ಬಣ್ಣದ ಹೆಸರು ಕಲಿಯುತ್ತವೆ. ಯಾರ ಮೈಮೇಲೆ ಬಾಸುಂಡೆ ಇದೆ, ಯಾರು ನಾಲ್ಕು ದಿನದಿಂದ ಬಂದಿಲ್ಲ ಎಂದು ಆ ಹೆಂಗಸರಿಗೆ ಗೊತ್ತು. ಲಿಹ್ಲೊಂಬೆ ಲೆಕುಖಲೆಲಾ, ಅಂದರೆ ಅಳಲು ಒಂದು ಹೆಗಲು ಎಂಬ ಹೆಸರಿನ ಸ್ವಯಂಸೇವಕರೂ ಹಳ್ಳಿಗಳಲ್ಲಿದ್ದಾರೆ. ಮಗುವಿಗೆ ಹೊಡೆತ, ಅತ್ಯಾಚಾರ ಏನೇ ಆದರೂ ಮೊದಲು ಹೋಗಿ ಹೇಳಬಹುದಾದವರು ಅವರು.

ನಾನು ನೋಡಿದ ದಿನ ಆ ಚಪ್ಪರದಲ್ಲಿ ಗಂಜಿ ಇರಲಿಲ್ಲ. ಹಿಟ್ಟು ಬಂದಿರಲಿಲ್ಲ. ಹೆಂಗಸರು ಬಂದಿದ್ದರು, ಮಕ್ಕಳೂ ಬಂದಿದ್ದವು. ಎಲ್ಲರೂ ಸುಮ್ನೆ ಕೂತಿದ್ದರು. ಒಬ್ಬಳು ಮಡಕೆಯ ಒಳಗೆ ಕೈ ಹಾಕಿ ಬಿರುಕು ತೋರಿಸಿದಳು, ನೀರು ಸೋರುತ್ತದೆ ಎಂದು. ಅದೇ ತಿಂಗಳು ನಿಮ್ಮ ಪುಸ್ತಕದಲ್ಲಿ ನಾನು ಅತಿಥಿ ಗೃಹದ ಹೊಸ ಟೈಲ್ಸಿನ ಬಿಲ್ಲು ಬರೆದಿದ್ದೆ. ಇದನ್ನು ಯಾರನ್ನೂ ಚುಚ್ಚಲು ಹೇಳುತ್ತಿಲ್ಲ. ಒಂದೇ ತಿಂಗಳಲ್ಲಿ, ಒಂದೇ ರಸ್ತೆಯಲ್ಲಿ ಎರಡೂ ಇದ್ದವು ಎಂದಷ್ಟೇ ಹೇಳುತ್ತಿದ್ದೇನೆ.

ಸಭೆಗಳಿಗೆ ಈ ಬೇರೆ ದಾರಿ ಹೊಸದೇನಲ್ಲ. ಆಫ್ರಿಕಾದ ಇದೇ ಭಾಗದ ಜಿಂಬಾಬ್ವೆಯ ಮುತಾರೆಯಲ್ಲಿ ಮಕ್ಕಳ ವೈದ್ಯ ಜೆಫ್ ಫಾಸ್ಟರ್ ಮತ್ತು ಅವರ ಸಂಗಡಿಗರು 1993ರಲ್ಲಿ ಒಂದು ಕೆಲಸ ಶುರುಮಾಡಿದರು. ಹಳ್ಳಿ ಸಭೆಗಳ ಹೆಂಗಸರನ್ನೇ ಆರಿಸಿ ತರಬೇತಿ ಕೊಟ್ಟರು. ಅವರು ಅನಾಥರಿರುವ ಮನೆಗಳಿಗೆ ಹೋಗಿಬರುತ್ತಿದ್ದರು. ಯಾರಿಗೆ ಬೀಜ ಬೇಕು, ಯಾರಿಗೆ ಕಂಬಳಿ, ಯಾರಿಗೆ ಶಾಲೆ ಶುಲ್ಕ ಎಂದು ಅವರೇ ನೋಡಿ ಹಂಚಿದರು. ಕಟ್ಟಡ ಕಟ್ಟಲಿಲ್ಲ, ಮಕ್ಕಳನ್ನು ಎಲ್ಲಿಗೂ ಸಾಗಿಸಲಿಲ್ಲ. ಹೀಗಾಗಿ ಖರ್ಚು ಕಡಿಮೆ, ತಲುಪಿದ ಮಕ್ಕಳು ಜಾಸ್ತಿ. ಝಾಂಬಿಯಾದ ಕಲೊಮೊ ಜಿಲ್ಲೆಯಲ್ಲಿ 2003-04ರಲ್ಲಿ ತೀರಾ ಬಡ ಮನೆಗಳಿಗೆ ನೇರ ಹಣ ಕೊಟ್ಟು ನೋಡಿದರು. ಕೊಟ್ಟದ್ದು ತಿಂಗಳಿಗೆ ಒಂದು ಚೀಲ ಮೆಕ್ಕೆಜೋಳ ಕೊಳ್ಳುವಷ್ಟು. ಆ ಮನೆಗಳಲ್ಲಿ ಬಹಳಷ್ಟು ಅಜ್ಜಿ ಮೊಮ್ಮಕ್ಕಳ ಮನೆಗಳೇ. ಮಲಾವಿ 2006ರಲ್ಲಿ ಮ್ಚಿಂಜಿ ಜಿಲ್ಲೆಯಿಂದ ಹಿಡಿದು ಇದನ್ನೇ ಮಾಡಿತು. ದಕ್ಷಿಣ ಆಫ್ರಿಕಾ 1998ರಲ್ಲಿ ಏಳು ವರ್ಷದೊಳಗಿನ ಬಡ ಮಕ್ಕಳ ಹೆಸರಲ್ಲಿ ತಿಂಗಳಿಗೆ 100 ರ‍್ಯಾಂಡ್ ಕೊಡಲು ಶುರುಮಾಡಿತು. ಮಗುವನ್ನು ಯಾರು ಸಾಕುತ್ತಾರೋ ಅವರ ಕೈಗೆ ಹಣ. ಇವತ್ತು ಅದು ಕೋಟಿಗೂ ಮೀರಿದ ಮಕ್ಕಳಿಗೆ ತಲುಪುತ್ತಿದೆ. ಗೊಗೊಗಳು ಆ ಹಣವನ್ನು ಕುಡಿದು ಹಾಳುಮಾಡಲಿಲ್ಲ. ನಿಮ್ಮ ಮಂಡಳಿಯಲ್ಲಿ ಯಾರೋ ಅಂಥ ಅನುಮಾನ ಎತ್ತಿದರು ಎಂದು ಕೇಳಿದೆ, ಅದಕ್ಕೇ ಹೇಳಿದ್ದು.

ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯದ ಕೊನೆಯ ವಚನ ನಿಮ್ಮ ಮನೆಯ ಬಾಗಿಲ ಮೇಲೇ ಇದೆ. ದಿಕ್ಕಿಲ್ಲದ ಮಕ್ಕಳನ್ನೂ ವಿಧವೆಯರನ್ನೂ ಅವರ ಕಷ್ಟದಲ್ಲಿ ಹೋಗಿ ನೋಡಿಕೊಳ್ಳುವುದೇ ಭಕ್ತಿ ಎಂದು ಅದು ಹೇಳುತ್ತದೆ. ಒಂದೇ ಉಸಿರಿಗೆ ಇಬ್ಬರೂ ಇದ್ದಾರೆ. ಈ ಊರಲ್ಲಿ ಅವರಿಬ್ಬರೂ ಒಂದೇ ಸೂರಿನಡಿ ಇದ್ದಾರೆ: ಮೊಮ್ಮಗು ಮತ್ತು ಗಂಡ ಸತ್ತ ಗೊಗೊ. ನೀವು ಮಗುವನ್ನು ವ್ಯಾನಿನಲ್ಲಿ ಕರೆದುಕೊಂಡು ಹೋದಿರಿ. ವಿಧವೆಯನ್ನು ಅಲ್ಲೇ ಬಿಟ್ಟಿರಿ. ಹೊಲಕ್ಕೆ ನೀರು ಹೊರುತ್ತಿದ್ದ ದೊಡ್ಡ ಮೊಮ್ಮಗಳೂ ಇಲ್ಲದೆ ಅವಳ ಕಷ್ಟ ಇನ್ನೂ ಹೆಚ್ಚಾಯಿತು.

ಮಗುವಿಗಾದರೂ ಒಳ್ಳೆಯದಾಯಿತಲ್ಲ ಎಂದು ನೀವು ಕೇಳಬಹುದು. ಹೊಟ್ಟೆಗೆ, ಓದಿಗೆ ಖಂಡಿತ ಆಯಿತು. ಆದರೆ ಹದಿನೆಂಟರ ಆಚೆಗೆ ನೋಡಿ. ಇಲ್ಲಿ ಹಳ್ಳಿಯ ಭೂಮಿ ಬಹುಪಾಲು ಸ್ವಾಜಿ ನೇಷನ್ ಲ್ಯಾಂಡ್. ರಾಜ ಅದನ್ನು ಜನರ ಪರವಾಗಿ ಇಟ್ಟುಕೊಂಡಿದ್ದಾನೆ, ಊರ ಮುಖ್ಯಸ್ಥ ಹಂಚುತ್ತಾನೆ. ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಮುಖ್ಯಸ್ಥನಿಗೆ ನಿಷ್ಠೆ ಹೇಳಿ ಜಾಗ ಪಡೆಯುವ ಕ್ರಮಕ್ಕೆ ಕುಖೊಂಟ ಅನ್ನುತ್ತಾರೆ. ಅಲ್ಲಿ ನಿನ್ನ ಮನೆತನ ಯಾವುದು, ನಿನ್ನನ್ನು ಬಲ್ಲವರು ಯಾರು ಎನ್ನುವುದೇ ದಾಖಲೆ. ಅಜ್ಜಿಯ ಮಣ್ಣಿನ ಕೋಣೆಯ ಪಕ್ಕ ಬೆಳೆದ ಹುಡುಗನಿಗೆ ಆ ಹೊಲದಲ್ಲಿ ಮಾತಿದೆ. ಊರಿನ ಸಾವಿಗೆ, ಮದುವೆಗೆ, ಕಳೆ ಕೀಳಲು ಅವನು ಬಂದಿದ್ದಾನೆ. ಜನ ಅವನನ್ನು ಬಲ್ಲರು. ಕಾಂಪೌಂಡಿನೊಳಗೆ ಬೆಳೆದವನನ್ನು ಬಲ್ಲವರು ಯಾರು? ಅಜ್ಜಿ ಹೋದ ದಿನ ಚಿಕ್ಕಪ್ಪ ಬಂದು ಬೇಲಿ ಸರಿಸಿದರೆ ಕೇಳಲು ಇವನು ಊರಲ್ಲೇ ಇಲ್ಲ. ನಿಮ್ಮಲ್ಲಿಂದ ಹೊರಬಿದ್ದ ಒಬ್ಬ ಹುಡುಗ ಈಗ ಮನ್ಝಿನಿಯ ಬಸ್‌ಸ್ಟಾಂಡಿನಲ್ಲಿ ಏರ್‌ಟೈಮ್ ಮಾರುತ್ತಾನೆ. ಇಂಗ್ಲಿಷ್ ಸೊಗಸಾಗಿ ಮಾತಾಡುತ್ತಾನೆ. ಊರು ಯಾವುದಪ್ಪಾ ಅಂದರೆ ನಿಮ್ಮ ಟ್ರಸ್ಟಿನ ಹೆಸರು ಹೇಳಿದ.

ಎಲ್ಲ ಮನೆಯೂ ಸುರಕ್ಷಿತ ಎಂದು ನಾನು ಹೇಳುತ್ತಿಲ್ಲ. ಸೋದರಮಾವನಿಂದ, ಮಲತಂದೆಯಿಂದ ತಪ್ಪಿಸಿಕೊಂಡು ಬಂದ ಹುಡುಗಿಯರು ನಿಮ್ಮಲ್ಲಿದ್ದಾರೆ. ಅವರನ್ನು ವಾಪಸ್ ಕಳಿಸಿ ಎನ್ನುವವರ ಜೊತೆ ನಾನೇ ಜಗಳಕ್ಕೆ ನಿಲ್ಲುತ್ತೇನೆ. ಆಸ್ಪತ್ರೆಯ ಮೆಟ್ಟಿಲಲ್ಲಿ ಸಿಕ್ಕ ಕೂಸಿಗೆ, ನಿಜಕ್ಕೂ ಯಾರೂ ಇಲ್ಲದವನಿಗೆ ಒಂದು ಜಾಗ ಬೇಕೇ ಬೇಕು. ಆದರೆ ಆ ಜಾಗವೂ ಉದ್ದ ಡಾರ್ಮಿಟರಿ ಆಗಬೇಕಿಲ್ಲ. ಉತ್ತರದ ಬೆಟ್ಟದಲ್ಲಿ ಬುಲೆಂಬು ಅಂತ ಒಂದು ಊರಿದೆ. ಅಲ್ಲಿ 1939ರಿಂದ ನಡೆದ ಕಲ್ನಾರಿನ ಗಣಿ 2001ರಲ್ಲಿ ಮುಚ್ಚಿತು, ಊರು ಖಾಲಿಯಾಯಿತು. 2006ರಲ್ಲಿ ಒಂದು ಕ್ರೈಸ್ತ ಸಂಸ್ಥೆ ಇಡೀ ಊರನ್ನೇ ಕೊಂಡಿತು. ಗಣಿ ಕೆಲಸದವರ ಹಳೇ ಮನೆಗಳಲ್ಲಿ ಮಕ್ಕಳನ್ನು ಚಿಕ್ಕ ಗುಂಪುಗಳಾಗಿ ಇಟ್ಟು ಸಾಕುತ್ತದೆ. ಮರ, ಜೇನು, ಬಾಟಲಿ ನೀರಿನ ವ್ಯಾಪಾರದಿಂದ ಖರ್ಚಿಗೆ ದಾರಿ ಹುಡುಕುತ್ತದೆ. ಅದೂ ಎಲ್ಲ ಕಡೆ ಆಗುವ ಕೆಲಸವಲ್ಲ. ಒಂದೇ ಅಚ್ಚಿನಲ್ಲಿ ಎಲ್ಲ ಮಕ್ಕಳನ್ನು ಸುರಿಯಬೇಕಿಲ್ಲ ಎಂದು ತೋರಿಸಲು ಹೇಳಿದೆ.

ಇದನ್ನು ಈಗಲೇ ಬರೆಯುತ್ತಿರುವುದಕ್ಕೆ ಇನ್ನೊಂದು ಕಾರಣ. 2003ರಿಂದ ಅಮೆರಿಕದ ಪೆಪ್‌ಫಾರ್ ಯೋಜನೆ ಈ ಭಾಗದ ಎಚ್‌ಐವಿ ಕೆಲಸಕ್ಕೆ ದೊಡ್ಡ ಆಸರೆ. ಅದರ ಹಣದಲ್ಲಿ ಹತ್ತನೇ ಒಂದು ಪಾಲು ಅನಾಥ ಮತ್ತು ದುರ್ಬಲ ಮಕ್ಕಳಿಗೆಂದೇ ಕಾನೂನಿನಲ್ಲಿ ಎತ್ತಿಟ್ಟಿದ್ದರು. 2025ರ ಜನವರಿಯಲ್ಲಿ ಅಮೆರಿಕ ವಿದೇಶಿ ನೆರವಿಗೆ ತಡೆ ಹಾಕಿತು, ಜುಲೈ ಹೊತ್ತಿಗೆ ಆ ನೆರವು ಹಂಚುತ್ತಿದ್ದ ತನ್ನ ಸಂಸ್ಥೆ ಯುಎಸ್‌ಏಡ್ ಅನ್ನೇ ಮುಚ್ಚಿತು. ಮನೆಮನೆಗೆ ಹೋಗುತ್ತಿದ್ದ ಕಾರ್ಯಕರ್ತೆಯರು ನಮ್ಮ ಕಡೆ ಕಾಣುತ್ತಿಲ್ಲ. ಹಾಗಾದಾಗ ಅಜ್ಜಿಯರು ಏನು ಮಾಡುತ್ತಾರೆ? ಊಟ ಇರುವ ಗೇಟಿನ ಮುಂದೆ ಮಕ್ಕಳನ್ನು ತಂದು ನಿಲ್ಲಿಸುತ್ತಾರೆ. ನಿಮ್ಮ ಕಚೇರಿಯಲ್ಲಿ ಹೊಸ ಡಾರ್ಮಿಟರಿಯ ನೀಲನಕ್ಷೆ ಮೇಜಿನ ಮೇಲೆ ಹರಡಿರುವುದನ್ನು ನೋಡಿದೆ. ಅದಕ್ಕೆ ಕಾಣಿಕೆ ಎತ್ತಲು ಈ ಕ್ರಿಸ್‌ಮಸ್‌ಗೆ ಕನ್ನಡ ಸಭೆಗಳಿಗೂ ವಿಡಿಯೋ ಹೋಗಲಿದೆಯಂತೆ.

ಆ ಡಾರ್ಮಿಟರಿಯನ್ನು ಕಟ್ಟಬೇಡಿ. ಇದು ನನ್ನ ಮೊದಲ ವಿನಂತಿ, ಮತ್ತು ಬೇರೆ ಯಾವುದನ್ನು ಒಪ್ಪದಿದ್ದರೂ ಇದನ್ನಾದರೂ ಒಪ್ಪಿ. ಆ ಹಣದಲ್ಲಿ ಒಬ್ಬ ಸಮಾಜ ಕಾರ್ಯಕರ್ತೆಯನ್ನು ನೇಮಿಸಿ. ಇಲ್ಲಿನ ಭಾಷೆ ಸಿಸ್ವಾಟಿ ಬಲ್ಲ ಇಲ್ಲಿಯವಳೇ ಆಗಿರಲಿ. ಅವಳು ಒಂದೊಂದೇ ಫೈಲು ಹಿಡಿದು ಮನೆಗಳಿಗೆ ಹೋಗಲಿ. ಯಾವ ಮಗು ಮನೆಗೆ ಹೋಗಬಹುದು, ಯಾವುದು ಹೋಗಬಾರದು, ಹೋಗಬೇಕಾದರೆ ಆ ಮನೆಗೆ ಏನು ಬೇಕು ಎಂದು ಬರೆಯಲಿ. ಅವಸರದಲ್ಲಿ ಮಕ್ಕಳನ್ನು ವ್ಯಾನಿನಲ್ಲಿ ತುಂಬಿ ಬಿಟ್ಟುಬರುವುದು ಬೇಡ. ಅದು ಇನ್ನೊಂದು ಅನ್ಯಾಯ. ಮಗುವಿನ ಮಾತನ್ನೂ ಕೇಳಲಿ.

ದಾನಿಗಳ ಹಣವನ್ನು ಹಾಸಿಗೆಯಿಂದ ಬಿಡಿಸಿ. ಮಗು ನಿಮ್ಮ ಮನೆಯಲ್ಲಿದ್ದರೂ ಅಜ್ಜಿಯ ಮನೆಯಲ್ಲಿದ್ದರೂ ಅದೇ ಹಣ ಅದರ ಹಿಂದೆ ಹೋಗಲಿ. ಅಡುಗೆಯವಳ, ಕಾವಲುಗಾರನ ಕೆಲಸ ಹೋಗುತ್ತದೆ ಎಂಬ ಭಯ ಇದ್ದರೆ, ಅವರಿಗೂ ಎನ್‌ಸಿಪಿಯಲ್ಲಿ ಬೇಕಾದಷ್ಟು ಕೆಲಸವಿದೆ. ಅಲ್ಲಿನ ಹೆಂಗಸರಿಗೂ ಏನಾದರೊಂದು ಗೌರವಧನ ಕೊಡಿ. ಇಷ್ಟು ವರ್ಷ ಬಿಟ್ಟಿ ದುಡಿದಿದ್ದಾರೆ. ಆ ಒಡೆದ ಮಡಕೆಯ ಬದಲು ಹೊಸದನ್ನಂತೂ ನಾನೇ ತೆಗೆಸಿಕೊಡುತ್ತೇನೆ, ಅದಕ್ಕೆ ಮಂಡಳಿಯ ಠರಾವು ಬೇಕಿಲ್ಲ.

ಸಾಕ್ಷಿ ಸಂಜೆಗಳನ್ನು ನಿಲ್ಲಿಸಿ. ರಜೆಯ ತಂಡಗಳು ಬರಲೇಬೇಕೆಂದಿದ್ದರೆ ಬರಲಿ. ಆದರೆ ಪ್ಲಂಬರ್, ನರ್ಸು, ಕೃಷಿ ತಿಳಿದವರು ಬರಲಿ. ಮಕ್ಕಳನ್ನು ಎತ್ತಿ ಫೋಟೋ ತೆಗೆಸಿಕೊಳ್ಳಲು ಬರುವುದು ಬೇಡ. ಮಕ್ಕಳ ಮುಖ, ಹೆಸರು, ಕಾಯಿಲೆ ಮೂರೂ ನಿಮ್ಮ ವಿಡಿಯೋದಿಂದ ಹೊರಗಿರಲಿ.

ಕನ್ನಡ ಸಭೆಗಳ ಹಿರಿಯರೇ, ನಿಮ್ಮಲ್ಲಿ ನನ್ನ ಮಾತು ಚಿಕ್ಕದು. ಕಾಣಿಕೆ ನಿಲ್ಲಿಸಬೇಡಿ. ಕಳಿಸುವ ಮೊದಲು ಟ್ರಸ್ಟನ್ನು ಕೇಳಿ: ನಿಮ್ಮಲ್ಲಿರುವ ಮಕ್ಕಳಲ್ಲಿ ಎಷ್ಟು ಜನಕ್ಕೆ ತಾಯಿ ಅಥವಾ ತಂದೆ ಇದ್ದಾರೆ? ಎಷ್ಟು ಜನಕ್ಕೆ ಅಜ್ಜಿ ಇದ್ದಾಳೆ? ಕಳೆದ ವರ್ಷ ಎಷ್ಟು ಮಕ್ಕಳು ಮನೆಗೆ ಮರಳಿದರು? ಉತ್ತರ ಕಾಗದದಲ್ಲಿ ಕೇಳಿ.

ಅಧ್ಯಕ್ಷರೇ, ನಾನು ಬರೆದ ಪುಸ್ತಕಗಳೆಲ್ಲ ನಿಮ್ಮ ಕಪಾಟಿನಲ್ಲೇ ಇವೆ. ನನ್ನ ಮಾತು ಸುಳ್ಳೆನಿಸಿದರೆ ತೆರೆದು ನೋಡಿ. ನಿಮ್ಮ ಮಂಡಳಿಯ ಬಜೆಟ್ ಸಭೆ ನವೆಂಬರಿನಲ್ಲಿ. ಇಲ್ಲಿ ಶಾಲೆಗಳು ಜನವರಿಯಲ್ಲಿ ಶುರುವಾಗುತ್ತವೆ. ಮೊಮ್ಮಕ್ಕಳಿಗೆ ಯೂನಿಫಾರ್ಮ್ ಕೊಡಿಸಲಾಗದ ಅಜ್ಜಿಯರು ನಿಮ್ಮ ಗೇಟಿಗೆ ಬರುವುದೂ ಆಗಲೇ. ಈ ಎರಡರ ನಡುವೆ ನನಗೊಂದು ಉತ್ತರ ಕೊಡಿ. ಕೆಲಸಕ್ಕೆ ಕರೆದರೆ ಮೊದಲಿನಂತೆಯೇ ಬಂದು ಲೆಕ್ಕ ಬರೆಯುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ನಿಮ್ಮ ಲೆಕ್ಕಪತ್ರ ಬರೆಯುತ್ತಿದ್ದವಳು
ಲುಬೊಂಬೊ, ಎಸ್ವಾಟಿನಿ